ಮಡಿಲಿನಿಂದ ಇಳಿದ ಮಗು: ಗೃಹಜೀವನದ ಚರಿತ್ರೆಯಲ್ಲಿ ಒಂದು ವಿಚಾರ

ಅರಸರ ವಂಶಾವಳಿಗೂ ದಾನಶಾಸನಗಳಿಗೂ ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ದೊರೆತಿರುವ ಸ್ಥಳದ ಒಂದು ಸಣ್ಣ ಪಾಲೂ ಮನೆಯ ದಿನಚರಿಗೆ ದೊರೆತಿಲ್ಲ. ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಅಪರೂಪವಾದುದನ್ನು ಜನರು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ದಿನವೂ ನಡೆಯುವುದನ್ನು ಯಾರೂ ಬರೆದಿಡುವುದಿಲ್ಲ. ಮೊಲೆಯುಣ್ಣುವ ಒಂದು ಕೂಸೂ ಇನ್ನೂ ಶಾಲೆಗೆ ಸೇರದ ಒಂದು ಮಗುವೂ ಇರುವ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಕಾರ್ಯಕಲಾಪಗಳು ಈ ಎರಡನೆಯ ಬಗೆಗೆ ಸೇರಿದವು. ಇಂತಹ ಮನೆಗೆ ಎರಡನೆಯ ಕೂಸು ಬಂದಾಗ ಮೊದಲನೆಯ ಮಗುವಿಗೆ ಯಾವ ಸ್ಥಾನ ಉಳಿಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿದ್ದೇವೆ.

ಈ ಪ್ರಶ್ನೆ ನಮಗೆ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕವಾದೀತು. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳೂ ಎಂಟು ತಿಂಗಳಿನ ಮಗನೂ ಇದ್ದಾರೆ. ಮಗನನ್ನು ತೊಟ್ಟಿಲಿಗೆ ಹಾಕಿದ ಹೊಸತರಲ್ಲಿ ಒಂದು ಮಧ್ಯಾಹ್ನ ಮಗಳು ಕಾಣದಾದಳು. ಹಿತ್ತಲು, ಬೀದಿ, ನೆರೆಮನೆಗಳನ್ನೆಲ್ಲ ಹುಡುಕಿ ಬಂದು ನೋಡಿದರೆ ಅವಳು ಬರಿದಾಗಿದ್ದ ತೊಟ್ಟಿಲಿನಲ್ಲಿ ಮೊಣಕಾಲು ಮಡಚಿಕೊಂಡು ಮಲಗಿದ್ದಳು. ಗದರಿಸಲು ಹೋದ ನಮಗೆ ಅವಳು ಹೇಳಿದುದು ಇಷ್ಟೆ: “ನನ್ನನ್ನೂ ತೂಗಿ.” ಈ ಮಾತಿಗೆ ಉತ್ತರವನ್ನು ಹುಡುಕುತ್ತ ನಾವು ಹಳೆಯ ಗ್ರಂಥಗಳ ಕಡೆಗೆ ತಿರುಗಿದೆವು.

೧

ಹಿಂದಿನ ಆಧಾರಗಳಲ್ಲಿ ಹಸುಳೆಗೆ ಸ್ಥಳವಿಲ್ಲವೆಂದು ಹೇಳುವಂತಿಲ್ಲ. ಗೃಹ್ಯಸೂತ್ರಗಳು ವಿಧಿಸುವ ಸಂಸ್ಕಾರಗಳಲ್ಲಿ ಜಾತಕರ್ಮ, ನಾಮಕರಣ, ನಿಷ್ಕ್ರಮಣ, ಅನ್ನಪ್ರಾಶನಗಳು ಹುಟ್ಟಿದ ಒಂದು ವರ್ಷದೊಳಗೇ ಮುಗಿಯುತ್ತವೆ. ಈ ಶಾಸ್ತ್ರಗಳನ್ನು ಅನುಸರಿಸದ ಸಮುದಾಯಗಳಲ್ಲಿಯೂ ತೊಟ್ಟಿಲ ಶಾಸ್ತ್ರವೂ ಹೆಸರಿಡುವ ಹಬ್ಬವೂ ಉಂಟು. ಜೋಗುಳದ ಹಾಡುಗಳು ಕನ್ನಡನಾಡಿನ ಮೂಲೆಮೂಲೆಗಳಲ್ಲಿ ದೊರೆಯುತ್ತವೆ. ಹರಿದಾಸರು ಬಾಲಕೃಷ್ಣನ ನೆವದಿಂದ ಕೂಸಿನ ಅಳು, ಹಠ, ನಗೆಗಳನ್ನು ಕೀರ್ತನೆಗಳಲ್ಲಿ ತುಂಬಿದ್ದಾರೆ. ಶಿಶುವಿನ ವ್ಯಾಧಿಗಳನ್ನು ಕುರಿತು ಕ್ರಿ.ಶ. ೧೨೦೦ರ ಸುಮಾರಿನಷ್ಟು ಹಿಂದೆಯೇ ದೇವೇಂದ್ರಮುನಿಯು ‘ಬಾಲಗ್ರಹಚಿಕಿತ್ಸೆ’ ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು.

ಇನ್ನೊಂದು ಕೊನೆಯಲ್ಲಿ, ಐದನೆಯ ವರ್ಷಕ್ಕೆ ವಿದ್ಯಾರಂಭವಾಗುತ್ತದೆ. ಅಲ್ಲಿಂದ ಮುಂದೆ ಮಗುವು ಮಠದ, ಅಗ್ರಹಾರದ, ತರುವಾಯ ಶಾಲೆಯ ಲೆಕ್ಕಕ್ಕೆ ಸೇರುತ್ತದೆ. ನಡುವೆ ಚೌಲವೊಂದನ್ನು ಬಿಟ್ಟರೆ ಎರಡರಿಂದ ಐದು ವರ್ಷದವರೆಗಿನ ಅವಧಿ ಬಹುಮಟ್ಟಿಗೆ ಮೌನವಾಗಿದೆ. ಆಧುನಿಕ ಸರ್ಕಾರದ ದಾಖಲೆಗಳಲ್ಲಿಯೂ ಬಹುಕಾಲ ಇದೇ ಕ್ರಮವಿತ್ತು. ಜನನದ ನೋಂದಣಿಯಲ್ಲಿಯೂ ದೇವಿ ಹಾಕಿದವರ ಪಟ್ಟಿಯಲ್ಲಿಯೂ ಕಾಣಿಸಿಕೊಂಡ ಮಗುವು ಮತ್ತೆ ಕಾಣಿಸುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ತೊಟ್ಟಿಲಿಗೂ ಸ್ಲೇಟಿಗೂ ನಡುವಣ ಮಗುವು ಧರ್ಮಶಾಸ್ತ್ರಕ್ಕೂ ರಾಜ್ಯಕ್ಕೂ ಅಷ್ಟಾಗಿ ಕಾಣದ ಮಗು. ಸಾಮಾನ್ಯವಾಗಿ ಮನೆಗೆ ಎರಡನೆಯ ಕೂಸು ಬರುವುದು ಇದೇ ಅವಧಿಯಲ್ಲಿ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

೨

ಈ ಮೌನವನ್ನು ಮುರಿಯುವ ಆಧಾರವು ವೈದ್ಯಗ್ರಂಥಗಳಲ್ಲಿ ದೊರೆಯುತ್ತದೆ. ಕ್ರಿ.ಶ. ೮ನೆಯ ಶತಮಾನದ ಸುಮಾರಿಗೆ ಸೇರಿದ ಮಾಧವನಿದಾನದ ಬಾಲರೋಗ ಪ್ರಕರಣದಲ್ಲಿ ‘ಪಾರಿಗರ್ಭಿಕ’ವೆಂಬ ಒಂದು ವ್ಯಾಧಿಯ ವಿವರಣೆಯಿದೆ. ತಾಯಿಯು ಮತ್ತೆ ಗರ್ಭಿಣಿಯಾದಾಗ ಅವಳ ಹಾಲನ್ನು ಕುಡಿಯುತ್ತಿರುವ ಮಗುವಿಗೆ ಇದು ಬರುತ್ತದೆಂದು ಹೇಳಿದೆ. ಹಸಿವು ಕುಗ್ಗುವುದು, ಕೆಮ್ಮು, ವಾಂತಿ, ಮಂಪರು, ಮೈ ಬಡವಾಗುವುದು, ಹೊಟ್ಟೆ ಮಾತ್ರ ದೊಡ್ಡದಾಗುವುದು ಇದರ ಲಕ್ಷಣಗಳು. ಈ ರೋಗಕ್ಕೆ ಗ್ರಂಥಕಾರನು ಕೊಡುವ ಮತ್ತೊಂದು ಹೆಸರು ‘ಪರಿಭವ’. ಪರಿಭವವೆಂದರೆ ಸೋಲು, ಅವಮಾನ, ತಿರಸ್ಕಾರ ಎಂಬುದು ಕನ್ನಡಿಗರಿಗೆ ತಿಳಿದ ಅರ್ಥವೇ. ತನ್ನ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾಗಿ ಬಂದ ಮಗುವಿನ ಕಾಯಿಲೆಗೆ ಈ ಹೆಸರು ಸಲ್ಲುವುದನ್ನು ಓದುಗರು ಗಮನಿಸಬೇಕು.

ನೇಪಾಳದ ಹಸ್ತಪ್ರತಿಯೊಂದರ ಆಧಾರದಿಂದ ೧೯೩೮ರಲ್ಲಿ ಪ್ರಕಟವಾದ ಕಾಶ್ಯಪಸಂಹಿತೆಯು ಇದೇ ವಿಷಯವನ್ನು ಬೇರೆ ಬಗೆಯಿಂದ ಹೇಳುತ್ತದೆ. ವರ್ಷ ತುಂಬಿದರೂ ನಡೆಯಲಾರದ ಮಗುವಿನ ಸ್ಥಿತಿಗೆ ಅದು ‘ಫಕ್ಕ’ವೆಂದು ಹೆಸರಿಟ್ಟು ಮೂರು ಭೇದಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದು, ತಾಯಿ ಮತ್ತೆ ಗರ್ಭಿಣಿಯಾಗಿ ಹಾಲು ನಿಂತುಹೋದುದರಿಂದ ಬಂದುದು. ಅಂತಹ ಮಗು ಬೇಗನೆ ಕ್ಷೀಣಿಸುವುದೆಂದೂ ಸಾಯಲೂಬಹುದೆಂದೂ ಗ್ರಂಥವು ಎಚ್ಚರಿಸುತ್ತದೆ. ಫಕ್ಕದ ಚಿಕಿತ್ಸೆಯಲ್ಲಿ ಔಷಧಗಳೊಂದಿಗೆ ನಡಿಗೆಯನ್ನು ಕಲಿಸಲು ಮೂರು ಗಾಲಿಯ ಒಂದು ಸಣ್ಣ ರಥವನ್ನೂ ವಿಧಿಸಿದೆ. ಚನ್ನಪಟ್ಟಣದ ಬೊಂಬೆಯಂಗಡಿಗಳಲ್ಲಿ ಇಂದಿಗೂ ಸಿಕ್ಕುವ ಮೂರು ಗಾಲಿಯ ಮರದ ತಳ್ಳುಗಾಡಿಯನ್ನು ಕಂಡವರಿಗೆ ಈ ರಥದ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ.

ಇದಕ್ಕೆ ಬಹುದೂರದ ಇನ್ನೊಂದು ನಾಡಿನಿಂದ ಸಮರ್ಥನೆ ಬರುತ್ತದೆ. ಇಂದು ಘಾನಾ ಎಂದು ಕರೆಯಲಾಗುವ ಅಂದಿನ ಗೋಲ್ಡ್ ಕೋಸ್ಟಿನಲ್ಲಿ ಸೇವೆ ಸಲ್ಲಿಸುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಎಳೆಯ ಮಕ್ಕಳ ಒಂದು ಅಪೌಷ್ಟಿಕ ರೋಗವನ್ನು ೧೯೩೩ರಲ್ಲಿ ವರ್ಣಿಸಿ, ೧೯೩೫ರಲ್ಲಿ ಅದಕ್ಕೆ ಅಲ್ಲಿಯ ಗಾ ಜನರ ಭಾಷೆಯಲ್ಲಿದ್ದ ‘ಕ್ವಾಶಿಯೋರ್ಕರ್’ ಎಂಬ ಹೆಸರನ್ನೇ ಬಳಸಿದಳು. ಮುಂದಿನ ಕೂಸು ಹುಟ್ಟಿದಾಗ ಸ್ಥಾನ ಕಳೆದುಕೊಂಡ ಮಗುವಿಗೆ ಬರುವ ರೋಗವೆಂಬುದೇ ಆ ಹೆಸರಿನ ತಾತ್ಪರ್ಯ. ಪಾರಿಗರ್ಭಿಕವೂ ಕ್ವಾಶಿಯೋರ್ಕರೂ ಒಂದೇ ರೋಗವೆಂದು ನಾವು ಸಾಧಿಸಲು ಹೊರಟಿಲ್ಲ. ಅದು ವೈದ್ಯರ ಕ್ಷೇತ್ರ. ಗರ್ಭಿಣಿಯ ಹಾಲೇ ಮಗುವಿಗೆ ಕೆಡುಕೆಂಬ ಹಳೆಯ ಭಾವನೆಯನ್ನು ಇಂದಿನ ವೈದ್ಯವು ಒಪ್ಪುವುದೂ ಇಲ್ಲ. ಹಾಲು ಕಡಿಮೆಯಾಗುವುದೂ ಅದಕ್ಕೆ ಬದಲಾಗಿ ತಕ್ಕ ಆಹಾರ ದೊರೆಯದಿರುವುದೂ ಕೆಡುಕಿಗೆ ಕಾರಣಗಳು. ಆದರೆ ಪರಸ್ಪರ ಸಂಪರ್ಕವಿಲ್ಲದ ಎರಡು ಜನಾಂಗಗಳು ಮಗುವಿನ ಸೊರಗುವಿಕೆಯನ್ನು ಕಂಡು, ಅದಕ್ಕೆ ದೇಹದ ಲಕ್ಷಣದಿಂದಲ್ಲದೆ ಮನೆಯಲ್ಲಿ ಕಳೆದುಕೊಂಡ ಸ್ಥಾನದಿಂದ ಹೆಸರಿಟ್ಟವೆಂಬುದು ಚರಿತ್ರಕಾರನಿಗೆ ಮುಖ್ಯವಾದ ಸಂಗತಿ. ಬರೆಯದೆ ಉಳಿದ ದಿನಚರಿಯ ಒಂದು ಸಾಲು ಈ ಹೆಸರುಗಳಲ್ಲಿ ಉಳಿದುಬಂದಿದೆ.

೩

ಹಾಗಾದರೆ ಈ ಪರಿಭವವನ್ನು ತಪ್ಪಿಸಲು ಮನೆಗಳು ಏನು ಮಾಡುತ್ತಿದ್ದವು? ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನಮ್ಮ ಹಿರಿಯರಿಂದ ಕೇಳಿಯೂ ಸ್ವತಃ ಕಂಡೂ ತಿಳಿದಿರುವ ಮೂರು ಉಪಾಯಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಆಹಾರ. ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿಯ ಸರಿಯನ್ನು ಉಣಿಸುವುದುಂಟು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಹಿಟ್ಟು ಮಾಡುತ್ತಾರೆ. ಇದರ ಹಿಂದಿನ ತತ್ತ್ವವನ್ನು ಆಹಾರವಿಜ್ಞಾನವು ಸ್ಪಷ್ಟಪಡಿಸಿದೆ. ಮೊಳೆಯುವ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದ ಬೇಯಿಸಿದ ಸರಿಯು ಗಟ್ಟಿಯಾಗದೆ ತೆಳ್ಳಗೆ ಉಳಿಯುತ್ತದೆ. ಆದಕಾರಣ ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟನ್ನು ಕಲಸಿ ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವವನ್ನು ಸೇರಿಸಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮೊಳಕೆ ಧಾನ್ಯಗಳ ಶಿಶು ಆಹಾರವನ್ನು ಕುರಿತು ಸಂಶೋಧನೆಗಳು ನಡೆದಿವೆ. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು ಬೇರೊಂದು. ಅದೇ ಹಿಟ್ಟಿಗೆ ಬೆಲ್ಲ ತುಪ್ಪಗಳನ್ನು ಬೆರೆಸಿ ದೊಡ್ಡ ಮಗುವಿಗೂ ಕೊಡುವ ವಾಡಿಕೆಯಿದೆ. ಕೂಸಿಗೆಂದು ಮಾಡಿದುದರಲ್ಲಿ ತನಗೂ ಒಂದು ಪಾಲಿದೆಯೆಂಬುದು ಆ ಮಗುವಿಗೆ ಪ್ರತಿದಿನವೂ ಬಟ್ಟಲಿನಲ್ಲಿಯೇ ತಿಳಿಯುತ್ತದೆ.

ಎರಡನೆಯದು ಮಗ್ಗುಲು. ಬೆಳಗ್ಗೆ ಅಜ್ಜಿಯು ಕಾಲು ನೀಡಿ ಕುಳಿತು, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವಾಗ ದೊಡ್ಡ ಮಗುವು ಬಟ್ಟೆಯನ್ನೋ ಬಟ್ಟಲನ್ನೋ ಹಿಡಿದು ಬಳಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಮನೆಯಲ್ಲಿ ದೊರೆಯುವ ಮೊದಲ ಅಧಿಕಾರವಿದು. ರಾತ್ರಿ ತಾಯಿಯ ಮಗ್ಗುಲು ಕೂಸಿಗಾದರೆ ಅಜ್ಜಿಯ ಮಗ್ಗುಲು ಈ ಮಗುವಿಗೆ. ಕೂಸಿಗೆ ಜೋಗುಳವಾದರೆ ಇದಕ್ಕೆ ಕಥೆ. ತಾಯಿಯ ಮಡಿಲಿನಿಂದ ಇಳಿದ ಮಗುವು ನೆಲಕ್ಕೆ ಬೀಳದೆ ಇನ್ನೊಂದು ಮಡಿಲಿಗೆ ಸೇರುತ್ತಿತ್ತು.

ಮೂರನೆಯದು ಹೆಸರು. ಕೂಸು ಹುಟ್ಟಿದ ದಿನದಿಂದ ಮೊದಲ ಮಗುವನ್ನು ಮನೆಯವರೆಲ್ಲರೂ, ತಂದೆತಾಯಿಗಳೂ ಸಹ, ಕೂಸಿನ ಬಾಯಿಂದ ಕರೆಯುವಂತೆ ‘ಅಕ್ಕ’ ಎಂದೋ ‘ಅಣ್ಣ’ ಎಂದೋ ಕರೆಯತೊಡಗುತ್ತಾರೆ. ಮೂರು ವರ್ಷದ ಹುಡುಗಿಯನ್ನು ಅರುವತ್ತು ವರ್ಷದ ಅಜ್ಜಿ ‘ಅಕ್ಕಾ, ಬಾ’ ಎಂದು ಕರೆಯುವುದು ಬರಿಯ ಮುದ್ದಿನ ಮಾತಲ್ಲ. ಒಂದು ಸ್ಥಾನವನ್ನು ಕಳೆದುಕೊಂಡ ಮಗುವಿಗೆ ಮನೆಯು ಕೊಡುವ ಇನ್ನೊಂದು ಪದವಿ ಅದು. ಪರಿಭವಕ್ಕೆ ಭಾಷೆಯು ಕಂಡುಕೊಂಡ ಮದ್ದು ಇದೆಂದು ಹೇಳಿದರೆ ತಪ್ಪಾಗಲಾರದು.

೪

ಹಿಂದಿನದೆಲ್ಲವೂ ಒಳ್ಳೆಯದಾಗಿತ್ತೆಂದು ಇದರಿಂದ ನಿರ್ಣಯಿಸಲಾಗದು. ಅಕ್ಕನ ಪದವಿಯು ಎಷ್ಟೋ ಮನೆಗಳಲ್ಲಿ ಅಕ್ಕನ ದುಡಿಮೆಯಾಯಿತು. ಏಳೆಂಟು ವರ್ಷಕ್ಕೇ ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡ ಹುಡುಗಿಯರು ಶಾಲೆಯ ಬಾಗಿಲನ್ನು ಕಾಣದೆ ಹೋದರು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯು ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರಲು ಅನುಕೂಲವಾಗುವಂತೆ ಶಿಶುಪಾಲನ ಕೇಂದ್ರಗಳು ಬೇಕೆಂದು ಸ್ಪಷ್ಟವಾಗಿ ಹೇಳಬೇಕಾಯಿತು. ಕೂಲಿಗೆ ಹೋಗುವ ತಾಯಿಗೆ ಮನೆಯಲ್ಲಿ ಅಜ್ಜಿಯೂ ಇರುತ್ತಿರಲಿಲ್ಲ. ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸಿನ ಕಾವಲಿಗೆ ಅದರ ಅಕ್ಕನನ್ನೇ ಕೂರಿಸಬೇಕಾಗುತ್ತಿತ್ತು.

ಎರಡರಿಂದ ಐದು ವರ್ಷದ ಮಗುವನ್ನು ರಾಜ್ಯವು ಕಾಣತೊಡಗಿದುದು ತಡವಾಗಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ಕ್ಷೇತ್ರ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿಯೆಂಬ ಹೆಸರು ಅಂದಿನಿಂದ ಮನೆಮಾತಾಯಿತು. ೨೦೨೩-೨೪ರಲ್ಲಿ ಕರ್ನಾಟಕ ಸರ್ಕಾರವು ಉದ್ಯೋಗ ಖಾತರಿ ಯೋಜನೆಯಲ್ಲಿ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಆರಂಭಿಸಿತು. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಪರಿಭವವು ಹಳೆಯ ಗ್ರಂಥಗಳ ಮಾತಷ್ಟೇ ಅಲ್ಲವೆಂಬುದಕ್ಕೆ ಈ ಅಂಕಿಯೇ ಸಾಕು.

ನಗರದ ವಿದ್ಯಾವಂತ ಕುಟುಂಬಗಳಲ್ಲಿ ಆಹಾರದ ಕೊರತೆಯಿಲ್ಲ, ಕೊರತೆಯಿರುವುದು ಮಡಿಲಿನದು. ಅದೇ ಸಮೀಕ್ಷೆಯಂತೆ ರಾಜ್ಯದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ೧.೭ ಮಕ್ಕಳು. ಮಕ್ಕಳು ಕಡಿಮೆಯಾದಂತೆ ಮನೆಯಲ್ಲಿ ಎತ್ತಿಕೊಳ್ಳುವ ಕೈಗಳೂ ಕಡಿಮೆಯಾಗಿವೆ. ೨೦೧೭ರ ಕಾನೂನು ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ ತಾಯಿಯ ರಜೆಯನ್ನು ೧೨ರಿಂದ ೨೬ ವಾರಗಳಿಗೆ ಏರಿಸಿದುದು ಶ್ಲಾಘನೀಯವೇ. ಕೂಸಿಗೆ ಆರು ತಿಂಗಳು ಎದೆಹಾಲು ಮಾತ್ರ ಸಾಕೆಂಬ ವೈದ್ಯರ ಉಪದೇಶಕ್ಕೆ ಈ ಅವಧಿ ಹೊಂದುತ್ತದೆ. ಆದರೆ ಈ ಲೆಕ್ಕವೂ ಕೂಸಿನದೇ. ಮೊದಲ ಮಗು ಅದರಲ್ಲಿಯೂ ಬಂದಿಲ್ಲ.

ತೊಟ್ಟಿಲಿನ ಘಟನೆಯಾದ ಮೇಲೆ ನಾವು ಒಂದು ವಾರ ನಮ್ಮ ಮನೆಯ ದಿನಚರಿಯನ್ನು ಶಾಸನವನ್ನು ಪ್ರತಿಮಾಡುವ ಶ್ರದ್ಧೆಯಿಂದಲೇ ಬರೆದಿಟ್ಟೆವು. ವಾರದ ಕೊನೆಯಲ್ಲಿ ಓದಿದಾಗ ಎರಡು ಸಂಗತಿಗಳು ತೋರಿಬಂದವು. ಮಗಳಿಗೆ ಮನೆಯವರು ಹೇಳಿದ ಮಾತುಗಳಲ್ಲಿ ಹೆಚ್ಚಿನವು “ತಾಳು”, “ಆಮೇಲೆ”, “ಸದ್ದು ಮಾಡಬೇಡ” ಎಂಬುವೇ ಆಗಿದ್ದವು. ಎರಡನೆಯದಾಗಿ, ಆ ಹಾಳೆಗಳಲ್ಲಿ ತಂದೆಯು ಕಾಣಿಸಿಕೊಂಡುದು ಬಹು ವಿರಳವಾಗಿ. ಕಂಡಲ್ಲೆಲ್ಲ ಅವನು ಮೇಜಿನ ಮುಂದೆಯೇ ಇದ್ದನು. ದಾಖಲೆಗಳಲ್ಲಿ ಮಗು ಕಾಣದೆಂದು ದೂರುವ ನಾವೇ ಅದನ್ನು ಮನೆಯಲ್ಲಿ ಕಾಣದೆ ಇದ್ದೆವೆಂದು ಒಪ್ಪಿಕೊಳ್ಳಬೇಕಾಯಿತು. ಈಗ ನಮ್ಮ ಮನೆಯಲ್ಲಿ ಅಜ್ಜಿಯಿಲ್ಲದ ಕಾರಣ ರಾತ್ರಿಯ ಕಥೆಯೂ ಮಗ್ಗುಲೂ ತಂದೆಯ ಪಾಲಿಗೆ ಬಂದಿವೆ. ಮಗಳು ಮತ್ತೆ ತೊಟ್ಟಿಲೇರಿಲ್ಲ. ಆದರೆ ಅದನ್ನು ತೂಗುವ ಹಕ್ಕು ತನ್ನದೆಂದು ಸಾಧಿಸಿಕೊಂಡಿದ್ದಾಳೆ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಸ್ಥಳೀಯ ಚರಿತ್ರೆಯ ಸಾಮಗ್ರಿಯನ್ನು ಸಂಗ್ರಹಿಸಲು ಊರುಗಳಿಗೆ ಹೋಗುವವರು ಕೋಟೆ, ಗುಡಿ, ವೀರಗಲ್ಲುಗಳನ್ನು ನೋಡಿದ ಮೇಲೆ ಮನೆಗಳ ಹಿರಿಯ ಹೆಂಗಸರಲ್ಲಿ ಒಂದು ಪ್ರಶ್ನೆಯನ್ನು ಕೇಳಲಿ: ಎರಡನೆಯ ಕೂಸು ಬಂದಾಗ ಮೊದಲನೆಯದು ಯಾರ ಮಗ್ಗುಲಲ್ಲಿ ಮಲಗುತ್ತಿತ್ತು? ಅಜ್ಜಿ, ಸೋದರತ್ತೆ, ವಿಧವೆಯಾದ ದೊಡ್ಡಮ್ಮ, ಇಲ್ಲವೇ ಯಾರೂ ಇಲ್ಲವೆಂಬ ಉತ್ತರಗಳು ಬರಬಹುದು. ಆ ಉತ್ತರಗಳನ್ನು ಊರು, ಜಾತಿ, ಕಸುಬು, ಕಾಲಗಳೊಡನೆ ಬರೆದು ಸೇರಿಸಿದರೆ ಶಾಸನಗಳು ಹೇಳದ ಒಂದು ಚರಿತ್ರೆಗೆ ಆಧಾರವಾದೀತು. ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕಾರ್ಯವನ್ನು ಬೇಗನೆ ಕೈಗೊಳ್ಳುವುದು ಅವಶ್ಯಕ.