ನಿಮಗಿದು ಗೊತ್ತೆ? ಮಾರಿಯೊ ಬರೆದದ್ದು ಬರಿಯ ಹಳಹಳಿಕೆಯಲ್ಲ

ಗೋವಾದ ಮಾರಿಯೊ ಮಿರಾಂಡಾ (1926–2011) ಅವರ ಮಸಿಚಿತ್ರಗಳನ್ನು ಕಳೆದುಹೋದ ಹಳ್ಳಿಯ ಹಳಹಳಿಕೆ ಎಂದು ನೋಡುವವರೇ ಹೆಚ್ಚು. ಆದರೆ ಆ ಚಿತ್ರಗಳ ಬೇರು ಇರುವುದು ದಿನಚರಿಯಲ್ಲಿ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಇಪ್ಪತ್ತರ ಹರೆಯದ ಮಾರಿಯೊ ತಾನು ಕಂಡ ಜನರನ್ನು, ಹಬ್ಬಗಳನ್ನು, ಹರಟೆಯನ್ನು ದಿನಚರಿಯಲ್ಲಿ ಚಿತ್ರವಾಗಿಯೇ ಬರೆದಿಡುತ್ತಿದ್ದರು. 1949, 1950, 1951ರ ಆ ದಿನಚರಿಗಳು ಮುಂದೆ ಪುಸ್ತಕಗಳಾಗಿ ಬಂದಿವೆ. ಕಣ್ಣೆದುರು ಇದ್ದುದನ್ನು ಅಂದಂದೇ ಬರೆದವರನ್ನು ಹಿಂದಿನದಕ್ಕೆ ಮರುಗಿದವರು ಎನ್ನುವುದು ಹೇಗೆ? ಕಾಲ ಸರಿದಂತೆ ಹಂಬಲ ಸೇರಿಕೊಂಡದ್ದು ನೋಡುವ ನಮ್ಮ ಕಣ್ಣಿಗೆ.

ವ್ಯಂಗ್ಯಚಿತ್ರಕಾರನ ಉತ್ಪ್ರೇಕ್ಷೆಯನ್ನು ಸಾಕ್ಷ್ಯವೆಂದು ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಾರಿಯೊ ಹಿಗ್ಗಿಸಿದ್ದು ಮೂಗನ್ನು, ಹೊಟ್ಟೆಯನ್ನು, ಕಣ್ಣನ್ನು. ಮನೆಯ ಜಗಲಿ, ಹೆಂಚಿನ ಮಾಡು, ಮೀನು ಮಾರುವವಳ ಬುಟ್ಟಿ ಇವುಗಳಿಗೆ ಅವರ ಗೆರೆ ನಿಷ್ಠವಾಗಿಯೇ ಇದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇದು ಇಡೀ ಗೋವಾ ಅಲ್ಲ. ನಿಜ. ಅವರು ಬಾಳಿದ ಲೌಟೊಲಿಂ ಇರುವುದು ದಕ್ಷಿಣದ ಸಾಲ್ಸೆಟ್‌ನಲ್ಲಿ. ಅವರ ಹಳ್ಳಿಯ ಚಹರೆ ಬಹುಮಟ್ಟಿಗೆ ಅಲ್ಲಿನ ಕ್ರೈಸ್ತ ಬದುಕಿನದು. ನಮ್ಮ ಖಾನಾಪುರದ ಕಾಡಿನಿಂದ ಇಳಿದ ಮಹದಾಯಿ ಹರಿಯುವ ಸತ್ತರಿ ತಾಲ್ಲೂಕು, ಅದರ ಮುಖ್ಯ ಪೇಟೆ ವಾಳಪೈ, ಸಹ್ಯಾದ್ರಿಯ ಸೆರಗಿನ ಕಾಡು-ಗದ್ದೆಯ ಊರುಗಳು ಬೇರೆಯೇ ಲೋಕ. ಇದರಿಂದ ಮಾರಿಯೊ ಅವರ ಸಾಕ್ಷ್ಯ ಸುಳ್ಳಾಗುವುದಿಲ್ಲ, ಅದರ ಎಲ್ಲೆ ಯಾವುದೆಂದು ತಿಳಿಯುತ್ತದೆ ಅಷ್ಟೆ. ಅವರ ಲೌಟೊಲಿಂ ಚಿತ್ರವನ್ನು ವಾಳಪೈಗೂ ಅಂಟಿಸುವುದು ತಪ್ಪು. ಆ ತಪ್ಪು ಅವರದಲ್ಲ.