ಗುಡ್ಡದ ಮೇಲೊಂದು ಗಳ

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಥಾಮಸ್ ಹಿಕ್ಕಿ 1816ರಲ್ಲಿ ಬರೆದ ತೈಲಚಿತ್ರವೊಂದಿದೆ. ಕೆಂಪು ಕೋಟು ತೊಟ್ಟ, ಈಸ್ಟ್ ಇಂಡಿಯಾ ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ, ಅವನೊಂದಿಗೆ ಮೂವರು ದೇಸಿ ಸಹಾಯಕರು. ಒಬ್ಬನ ಕೈಯಲ್ಲಿ ದುರ್ಬೀನು, ಇನ್ನೊಬ್ಬನ ಕೈಯಲ್ಲಿ ಓಲೆಗರಿ. ಹಿನ್ನೆಲೆಯಲ್ಲಿ ಗೊಮ್ಮಟ. ಅಲ್ಲೇ ಗುಡ್ಡವೊಂದರ ನೆತ್ತಿಯಲ್ಲಿ ಬುಟ್ಟಿ ಸಿಕ್ಕಿಸಿದ ಗಳ. ಅದು ಸರ್ವೆಯವರ ಗುರುತು. ದೂರದ ಗುಡ್ಡಗಳಲ್ಲಿ ನಿಂತು ಇಂಥ ಗಳಗಳಿಗೆ ಗುರಿಯಿಟ್ಟು ಕೋನ ಅಳೆಯುತ್ತಿದ್ದರು.

ಮೈಸೂರನ್ನು ಮೊದಲು ಹಂಚಿಕೊಂಡರು, ಆಮೇಲೆ ಅಳೆದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ ಮುಗಿಯುವುದರೊಳಗೆ ಒಪ್ಪಂದವೂ ಆಯಿತು: ಕೆನರಾ, ಕೊಯಮತ್ತೂರು ಕಂಪನಿಗೆ, ಗುತ್ತಿ, ಗುರ್ರಂಕೊಂಡ ನಿಜಾಮನಿಗೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ. ಆ ಉಳಿದ ನೆಲ ಎಷ್ಟು, ಎಲ್ಲಿಂದ ಎಲ್ಲಿಗೆ ಎಂದು ಗೊತ್ತುಮಾಡುವ ಕೆಲಸ ಮೆಕೆಂಜಿಯ ಪಾಲಿಗೆ ಬಂತು. 

ಅಳತೆಯ ಸರಪಳಿ ದೂರ ಹೇಳೀತು, ಊರು ಯಾರದೆಂದು ಹೇಳೀತೆ? ಅದನ್ನು ಕೇಳಿಯೇ ತಿಳಿಯಬೇಕು. ಮೆಕೆಂಜಿಗೋ ಇಲ್ಲಿನ ಒಂದು ಭಾಷೆಯೂ ಬಾರದು. ಕೇಳಿದವರು ಅವನ ಸಹಾಯಕರು: ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಆತ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಶಾನುಭೋಗರ ಮನೆಗಳಲ್ಲಿ ಕಡತಗಳಿದ್ದವು: ಹುಣಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದ ಕಪ್ಪು ಬಟ್ಟೆ, ಅದರ ಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದರೆ ಅಳಿಸಿ, ಮತ್ತೆ ಮಸಿ ಬಳಿದು ಬರೆಯಬಹುದು. ಕೆರೆ ಕಟ್ಟಿಸಿದವರು, ಪಾಳೆಯಗಾರರ ವಂಶ, ಗುಡಿಗೆ ಬಿಟ್ಟ ಮಾನ್ಯ ಎಲ್ಲವೂ ಕೈಫಿಯತ್ತುಗಳಾಗಿ, ಅಂದರೆ ಊರೂರಿನ ವೃತ್ತಾಂತಗಳಾಗಿ ಸೇರಿದವು. ಹೊಸ ಸರ್ಕಾರದ ಆಳು ಕೇಳುತ್ತಿರುವಾಗ ಊರಿನವರು ಮಾನ್ಯದ ಹೊಲವನ್ನು ನಾಲ್ಕು ಗುಂಟೆ ಹಿಗ್ಗಿಸದೆ ಇದ್ದಾರೆಯೇ ಎಂಬುದು ನನ್ನ ಗುಮಾನಿ. ಹಾಗಿದ್ದರೂ ಊರುಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಇಷ್ಟು ಮಾತು ಬೇರೆಲ್ಲಿ ಸಿಕ್ಕೀತು? ಎಂ. ಎಂ. ಕಲಬುರ್ಗಿ ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ತೆರೆದರೆ ಸರ್ವೆಯ ಮಾತೇ ಮರೆತುಹೋಗುತ್ತದೆ.

ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಹಂಚಿಕೆಯ ಗೀಟು ಮಾತ್ರ ಹಾಗೆಯೇ ಉಳಿಯಿತು. ಘಟ್ಟದ ಮೇಲಿನವರು ಮೈಸೂರಿನವರಾದರು, ಕೆಳಗಿನವರು ಮದ್ರಾಸಿಗೆ ಅರ್ಜಿ ಬರೆದರು. ಕಾರವಾರದ ಕಡೆಯವರು 1862ರಿಂದ ಮುಂಬಯಿಗೆ.

ಹಿಕ್ಕಿಯ ಚಿತ್ರದ ಹಿನ್ನೆಲೆಯಲ್ಲಿರುವವನನ್ನು ಕಾರ್ಕಳದ ಗೊಮ್ಮಟ ಎಂದು ಗುರುತಿಸಲಾಗಿದೆ. ಅಂದರೆ ಅವನೂ ಗೀಟಿನ ಆಚೆಯವನೇ. ಮೈಸೂರು ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು.