ವಾಯುಸೇನೆಯಿಂದ ಕ್ಯಾಪ್ಟನ್ ಆಸನಕ್ಕೆ

ಕಂಗ್ಟಿಯ ಹೊಲಗಳಲ್ಲಿ ತೊಗರಿ ಕೊಯ್ಯುವವರು ಬೀದರಿನ ದಿಕ್ಕಿನಿಂದ ಬರುವ ವಿಮಾನದ ಸದ್ದಿಗೆ ಈಗ ತಲೆಯೆತ್ತುವುದಿಲ್ಲ. ಮಕ್ಕಳು ಮಾತ್ರ ಎತ್ತುತ್ತಾರೆ. ಬೀದರಿನ ವಾಯುನೆಲೆಯಲ್ಲಿ ಯುದ್ಧವಿಮಾನ ಚಾಲಕರು ಹಾಕ್ ವಿಮಾನಗಳ ಮೇಲೆ ತರಬೇತಿ ಪಡೆಯುತ್ತಾರೆ. ವಾಯುಸೇನಾ ಅಕಾಡೆಮಿ ಇರುವುದು ನಮ್ಮ ರಾಜ್ಯದ ದುಂಡಿಗಲ್‌ನಲ್ಲಿಯೇ. ಆದರೂ ಆ ಆಸನ ಕನ್ನಡ ಶಾಲೆಯ ಮಕ್ಕಳಿಗಲ್ಲವೆಂಬ ಭಾವನೆ ನಮ್ಮ ಪಾಲಕರಲ್ಲಿ ಬೇರೂರಿದೆ.

ಅದೇ ದುಂಡಿಗಲ್‌ನಿಂದ 1981ರಲ್ಲಿ ಗೌರವ ಖಡ್ಗ ಪಡೆದು ಹೊರಬಂದವರು ದೀಪಕ್ ವಸಂತ ಸಾಠೆ. ಯುದ್ಧವಿಮಾನ ಚಾಲಕರಾಗಿ, ಪರೀಕ್ಷಾ ಚಾಲಕರಾಗಿ ಸೇವೆ ಸಲ್ಲಿಸಿ 2003ರಲ್ಲಿ ವಾಯುಸೇನೆಯಿಂದ ನಿವೃತ್ತರಾದರು. ಬಳಿಕ ನಾಗರಿಕ ವಿಮಾನಯಾನಕ್ಕೆ ಬಂದರು. ಈ ಸ್ಥಿತ್ಯಂತರ ಹೊರಗಿನವರು ಭಾವಿಸುವಷ್ಟು ಸುಲಭವಲ್ಲ. ಸೇನೆಯ ಹಾರಾಟದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ, ಹುದ್ದೆ ಬರುವುದಿಲ್ಲ. ವಾಯು ನಿಯಮ, ಹವಾಮಾನ, ಪಥನಿರ್ಣಯ ಮುಂತಾದ ವಿಷಯಗಳಲ್ಲಿ ಡಿಜಿಸಿಎ ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯಬೇಕು. ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1500 ಗಂಟೆಗಳ ಹಾರಾಟ ಅವಶ್ಯ. ಮೊದಲಿಗೆ ಸಾಮಾನ್ಯವಾಗಿ ದೊರೆಯುವುದು ಬಲಬದಿಯ ಆಸನ, ಅಂದರೆ ಸಹಚಾಲಕನ ಸ್ಥಾನ. ನಿನ್ನೆಯ ವಿಂಗ್ ಕಮಾಂಡರ್ ಇಂದು ತನಗಿಂತ ಕಿರಿಯನಾದ ಕ್ಯಾಪ್ಟನ್ನನ ಆದೇಶ ಪಾಲಿಸಬೇಕಾಗುತ್ತದೆ. ಒಂಟಿಯಾಗಿ ಹಾರಿ ಅಭ್ಯಾಸವಾದವನು ಇಬ್ಬರ ಕೆಲಸವನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಸಾಠೆಯವರು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಪ್ಟನ್ ಆಗಿದ್ದರು. 2020ರ ಆಗಸ್ಟ್ 7ರ ಮಳೆಯ ಸಂಜೆ ದುಬೈನಿಂದ 190 ಜನರನ್ನು ಹೊತ್ತು ಬಂದ ಅವರ ವಿಮಾನ ಕೋಳಿಕ್ಕೋಡಿನಲ್ಲಿ ರನ್‌ವೇ ದಾಟಿ ಕೆಳಗುರುಳಿತು. ಅವರೂ ಸಹಚಾಲಕರೂ ಸೇರಿ 21 ಜನ ಅಸುನೀಗಿದರು. ನಿಗದಿತ ವಿಧಾನ ಪಾಲನೆಯಾಗದೆ, ಅಸ್ಥಿರ ಸ್ಥಿತಿಯಲ್ಲಿ ಇಳಿಕೆ ಮುಂದುವರಿದದ್ದೇ ಸಂಭಾವ್ಯ ಕಾರಣವೆಂದು ತನಿಖಾ ವರದಿ ಹೇಳಿತು. ಅದು ನೋವಿನ ಮಾತು; ಆದರೆ ಈ ವೃತ್ತಿಯನ್ನು ಬಯಸುವ ಮನೆಯವರು ಅದನ್ನೂ ಓದಿರಬೇಕೆಂದು ನನ್ನ ಅಭಿಪ್ರಾಯ.

ಒಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸುವೆ. ಏರ್ ಡೆಕ್ಕನ್ ಸ್ಥಾಪಿಸಿದ ಗೊರೂರಿನ ಜಿ.ಆರ್. ಗೋಪಿನಾಥರ ‘ಕ್ಯಾಪ್ಟನ್’ ಭೂಸೇನೆಯ ಹುದ್ದೆ, ವಿಮಾನದ್ದಲ್ಲ. ಆದರೆ ಅವರು ಓದಿದ ವಿಜಯಪುರದ ಸೈನಿಕ ಶಾಲೆ ನಮಗೆ ಮುಖ್ಯ. ಸೈನಿಕ ಶಾಲೆಗಳ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಂಬತ್ತನೆಯದಕ್ಕೆ ಇಂಗ್ಲಿಷ್ ಒಂದೇ. ವಯಸ್ಸು 10ರಿಂದ 12ರೊಳಗಿರಬೇಕು. ಹೆಚ್ಚಿನ ಸ್ಥಾನಗಳು ಶಾಲೆಯಿರುವ ರಾಜ್ಯದವರಿಗೇ ಮೀಸಲು. ವಿಜಯಪುರದಲ್ಲಿ ನಮ್ಮ ಕನ್ನಡದ ಮಗು ಹೊರರಾಜ್ಯದ್ದು! ಗಡಿಯವರ ಪಾಡೇ ಇದು.

ಇದು ತಪ್ಪಿದರೂ ದಾರಿ ಮುಚ್ಚುವುದಿಲ್ಲ. ಹತ್ತನೆಯದರ ನಂತರ ಎಂಪಿಸಿ ಓದಿದವರು ಹದಿನಾರೂವರೆ ವರ್ಷದಿಂದ ಎನ್‌ಡಿಎ ಪರೀಕ್ಷೆ ಬರೆಯಬಹುದು. ಸರ್ವೋಚ್ಚ ನ್ಯಾಯಾಲಯದ 2021ರ ಮಧ್ಯಂತರ ಆದೇಶದ ನಂತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆದಿದೆ. ಖಾಸಗಿ ಹಾರಾಟ ಶಾಲೆ ಲಕ್ಷಾಂತರ ರೂಪಾಯಿ ಕೇಳುವಲ್ಲಿ, ಸೇನೆ ತರಬೇತಿಯ ವೆಚ್ಚವನ್ನು ತಾನೇ ಭರಿಸುತ್ತದೆ. ಪ್ರತಿಯಾಗಿ ಅದು ಕೇಳುವುದು ವರ್ಷಗಳನ್ನು. ಬೇಕೆಂದಾಗ ಬಿಟ್ಟುಬರುವ ಹಕ್ಕು ಅಧಿಕಾರಿಗಿಲ್ಲ. ಅವಧಿಪೂರ್ವ ಬಿಡುಗಡೆಗೆ ಸರಕಾರದ ಒಪ್ಪಿಗೆ ಬೇಕು.

ಕೊನೆಗೊಂದು ಕಚೇರಿಯ ಮಾತು. ಕನ್ನಡ ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು ಒಂದು ಬಗೆ, ಆಧಾರದಲ್ಲಿ ತೆಲುಗು ಉಚ್ಚಾರಣೆಯಂತೆ ಇನ್ನೊಂದು ಬಗೆ, ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನವೇ ಬೇರೆ: ಇಂಥ ಕಾಗದ ಹಿಡಿದು ಅರ್ಜಿಯ ಕೊನೆಯ ವಾರದಲ್ಲಿ ನನ್ನಲ್ಲಿಗೆ ಬರುವವರು ಇದ್ದೇ ಇರುತ್ತಾರೆ. ಮಗು ನಾಲ್ಕನೆಯ ತರಗತಿಯಲ್ಲಿರುವಾಗಲೇ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ.